ಕೆಂಪು ಬಿಲ್ಲೆಯ ಸುಳ್ಳು ಲೆಕ್ಕ



ಮೂವತ್ತನಾಲ್ಕು ವರ್ಷ ಗಣಿತ ಕಲಿಸಿದವನು ನಾನು. ಯಾರೇ ಸಂಖ್ಯೆಯೊಂದನ್ನು ಬರೆದರೂ "ಇದು ಯಾವುದರ ಎಣಿಕೆ?" ಎಂದು ಕೇಳುವುದು ನನ್ನ ಹಳೆಯ ಚಾಳಿ. ಉತ್ತರದಲ್ಲಿ ಬರಿಯ 12 ಎಂದು ಬರೆದು ಸುಮ್ಮನಾದವರಿಗೆ "ಹನ್ನೆರಡು ಏನಪ್ಪಾ? ಎಮ್ಮೆಯೋ, ಲೀಟರೋ?" ಎಂದು ಕೇಳಿ ಅರ್ಧ ಅಂಕ ಕಳೆಯುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿದ್ದೀತು. ಇಂದು ಅದೇ ಪ್ರಶ್ನೆಯನ್ನು ನನ್ನ ಮೊಬೈಲಿನ ಮುಖದ ಮೇಲೆ ಮೊಡವೆಗಳಂತೆ ಎದ್ದಿರುವ ಕೆಂಪು ಬಿಲ್ಲೆಗಳನ್ನು ಕುರಿತು ಕೇಳಬೇಕಾಗಿ ಬಂದಿದೆ.

ಮೊದಲು ನಡೆದ ಸಂಗತಿಯನ್ನು ಹೇಳಿಬಿಡುತ್ತೇನೆ. ನನ್ನ ಮನೆಯಾಕೆಗೆ ಹನ್ನೊಂದು ವರ್ಷಗಳಿಂದ ಸಕ್ಕರೆ ಕಾಯಿಲೆ. ದಿನಕ್ಕೆ ಎರಡು ಬಾರಿ ಇನ್ಸುಲಿನ್ ಆಗಲೇಬೇಕು. ಮಗನ ಒತ್ತಾಯದಿಂದ ಔಷಧವನ್ನು ಒಂದು ಆ್ಯಪ್ ಮೂಲಕ ತರಿಸಲಾರಂಭಿಸಿದೆವು. (ಅದರ ಹೆಸರು ಇಲ್ಲಿ ಬೇಡ.) ಅದು ಬೆಳಗ್ಗೆ ಮುಖಕ್ಕೆ ಹಚ್ಚುವ ಕ್ರೀಮಿಗೆ ರಿಯಾಯಿತಿ ಎಂದು ಕೂಗಿತು, ಮಧ್ಯಾಹ್ನ ವಿಟಮಿನ್ ಮಾತ್ರೆ ಎಂದಿತು, ರಾತ್ರಿ ಹನ್ನೊಂದಕ್ಕೆ "ನಿಮ್ಮನ್ನು ನೆನೆಯುತ್ತಿದ್ದೇವೆ" ಎಂದಿತು. ಎಪ್ಪತ್ತೆರಡರ ಮುದುಕನನ್ನು ಅಪರಾತ್ರಿಯಲ್ಲಿ ನೆನೆಯುವವರು ಯಾರಪ್ಪಾ ಎಂದು ಮನೆಯಾಕೆ ನಕ್ಕಳು. ಒಂದು ತಿಂಗಳು ಸಹಿಸಿ, ಬೇಸತ್ತು, ಅದರ ನೋಟಿಫಿಕೇಶನ್ ಬಂದ್ ಮಾಡಿದೆ.

ಕಳೆದ ಬೇಸಿಗೆಯ ಒಂದು ಶನಿವಾರ ಅದೇ ಆ್ಯಪ್, ವೈದ್ಯರ ಚೀಟಿಯ ಅವಧಿ ಮುಗಿದಿದೆ, ಹೊಸದನ್ನು ಕಳುಹಿಸದಿದ್ದರೆ ಆರ್ಡರ್ ರದ್ದಾಗುತ್ತದೆ ಎಂದು ತಿಳಿಸಿತ್ತಂತೆ. ತಿಳಿಸಿದ್ದು ನನಗೆ ತಿಳಿಯಲಿಲ್ಲ. ಭಾನುವಾರ ಸಂಜೆ ಇನ್ಸುಲಿನ್ ಮುಗಿದಾಗ ಹತ್ತಿರದ ಅಂಗಡಿಗೆ ಬೀಗ. ಆ ರಾತ್ರಿಯ ಇಂಜೆಕ್ಷನ್ ತಪ್ಪಿತು. ಬೆಳಗ್ಗೆ ನೋಡಿದರೆ ಸಕ್ಕರೆ 330 ದಾಟಿತ್ತು. ಆಕೆ ಹಾಸಿಗೆಯಿಂದ ಏಳಲಾರದೆ ನೀರು, ನೀರು ಎನ್ನುತ್ತಿದ್ದಳು. ಆಟೋ ಹಿಡಿದು ಆಸ್ಪತ್ರೆಗೆ ಹೋದ ಆ ಇಪ್ಪತ್ತು ನಿಮಿಷಗಳನ್ನು ಕುರಿತು ನಾನು ಹೆಚ್ಚು ಬರೆಯಲಾರೆ. ಎರಡು ದಿನಗಳಲ್ಲಿ ಸುಧಾರಿಸಿದಳು.

ವಿಷಯ ತಿಳಿದು ನೋಡಲು ಬಂದ ಶಿಷ್ಯನೊಬ್ಬ ಬೆಂಗಳೂರಿನಲ್ಲಿ ಇಂಥ ಆ್ಯಪ್‌ಗಳನ್ನೇ ಬರೆಯುವವನು. ತಪ್ಪು ನನ್ನದೇ, ಬಂದ್ ಮಾಡಿದವನು ನಾನೇ ಅಲ್ಲವೇ ಎಂದೆ. ಅವನು ನನ್ನ ಫೋನಿನ ಸೆಟಿಂಗ್ಸ್ ತೆರೆದು ನೋಡಿ, "ಅಲ್ಲ ಸರ್, ಇಲ್ಲಿ ನೋಡಿ, ಒಂದೇ ಒಂದು ಚಾನೆಲ್ ಇಟ್ಟಿದ್ದಾರೆ" ಎಂದ. ಅಂದಿನಿಂದ ಈ ವಿದ್ಯೆಯ ಹಿಂದೆ ಬಿದ್ದು, ಅವನನ್ನು ಫೋನಿನಲ್ಲಿ ಪೀಡಿಸಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಆಂಡ್ರಾಯ್ಡ್ ಫೋನುಗಳಲ್ಲಿ 2017ರ 8ನೆಯ ಆವೃತ್ತಿಯಿಂದ ಒಂದು ಒಳ್ಳೆಯ ವ್ಯವಸ್ಥೆಯಿದೆ. ಆ್ಯಪ್ ಬರೆಯುವವರು ತಮ್ಮ ನೋಟಿಫಿಕೇಶನ್‌ಗಳನ್ನು ಚಾನೆಲ್‌ಗಳಾಗಿ ವಿಂಗಡಿಸಬೇಕು: ಆರ್ಡರಿನ ಸುದ್ದಿಗೆ ಒಂದು, ಹಣ ಪಾವತಿಗೆ ಒಂದು, ಜಾಹೀರಾತಿಗೆ ಇನ್ನೊಂದು. ಬಳಸುವವನು ತನಗೆ ಬೇಡವಾದುದನ್ನು ಮಾತ್ರ ಮುಚ್ಚಬಹುದು. ಅವನು ತಗ್ಗಿಸಿದ ದನಿಯನ್ನು ಆ್ಯಪ್ ತಾನಾಗಿ ಏರಿಸುವಂತಿಲ್ಲ. ಚಾನೆಲ್ಲನ್ನು ಅಳಿಸಿ ಬೇರೆ ಹೆಸರಿನಲ್ಲಿ ಮತ್ತೆ ಹುಟ್ಟಿಸುವ ಕಿಲಾಡಿಗಳೂ ಇರುತ್ತಾರೆಂದು ಊಹಿಸಿ, ಎಷ್ಟು ಚಾನೆಲ್ ಅಳಿಸಲಾಗಿದೆ ಎಂಬುದನ್ನೂ ಸೆಟಿಂಗ್ಸ್‌ನಲ್ಲಿ ತೋರಿಸುವ ಏರ್ಪಾಡು ಮಾಡಿದ್ದಾರೆ. ಕಳ್ಳನ ಮನಸ್ಸನ್ನು ಬಲ್ಲವರೇ ಇದನ್ನು ರಚಿಸಿರಬೇಕು! ಆದರೆ ಎಲ್ಲವನ್ನೂ ಒಂದೇ ಚಾನೆಲ್ಲಿಗೆ ಸುರಿಯುವವನನ್ನು ತಡೆಯುವ ಬಾಗಿಲು ಅಲ್ಲಿಲ್ಲ. ಏಕೆ ಹೀಗೆ ಸುರಿಯುತ್ತಾರೆ? ಸೋಮಾರಿತನವೂ ಇರಬಹುದು. ಆದರೆ ಶಿಷ್ಯ ತಲೆ ತಗ್ಗಿಸಿ ಒಪ್ಪಿಕೊಂಡ ಇನ್ನೊಂದು ಕಾರಣವುಂಟು: ಜಾಹೀರಾತನ್ನು ಬೇರೆಯಾಗಿಟ್ಟರೆ ಜನ ಅದನ್ನು ಮುಚ್ಚಿಬಿಡುತ್ತಾರೆ, ಔಷಧದ ಜೊತೆ ಕಟ್ಟಿಟ್ಟರೆ ಮುಚ್ಚಲು ಹೆದರುತ್ತಾರೆ. ಅಂದರೆ ನನ್ನ ಹೆಂಡತಿಯ ಇನ್ಸುಲಿನ್ನು ಅವರ ಕ್ರೀಮಿಗೆ ಒತ್ತೆಯಾಳು. ಇದನ್ನು ನಾನು ವ್ಯಾಪಾರವೆಂದು ಕರೆಯಲಾರೆ.

ನಮ್ಮ ಶಾಲೆಯ ಗಂಟೆ ರೈಲುಕಂಬಿಯ ಒಂದು ತುಂಡಾಗಿತ್ತು. ಪೀರಿಯಡ್ಡಿಗೆ ಒಂದೇಟು, ಶಾಲೆ ಬಿಡುವಾಗ ಲಾಂಗ್ ಬೆಲ್. ಒಮ್ಮೆ ಏಳನೆಯ ತರಗತಿಯ ವೀರನೊಬ್ಬ ಮಧ್ಯಾಹ್ನದ ಮೊದಲ ಪೀರಿಯಡ್ಡಿಗೇ ಲಾಂಗ್ ಬೆಲ್ ಹೊಡೆದುಬಿಟ್ಟ. ಮುನ್ನೂರು ಮಕ್ಕಳು ಚೀಲ ಹೊತ್ತು ಓಡಿದವು. (ಆ ವೀರ ಇದನ್ನು ಓದುತ್ತಾನೆ, ಹೆಸರು ಹೇಳುವುದಿಲ್ಲ.) ಅವನಿಗೆ ಸಿಕ್ಕಿದ ಶಿಕ್ಷೆಯೇನೂ ದೊಡ್ಡದಲ್ಲ. ಆದರೆ ಮುಂದಿನ ಒಂದು ವಾರ ನಿಜವಾದ ಲಾಂಗ್ ಬೆಲ್ ಬಾರಿಸಿದಾಗಲೂ ಮಕ್ಕಳು ಕದಲದೆ ಮೇಷ್ಟ್ರ ಮುಖ ನೋಡುತ್ತಿದ್ದರು.

ಕೆಂಪು ಬಿಲ್ಲೆಯ ಕತೆಯೂ ಹೀಗೆಯೇ. 2007ರ ಮೊದಲ ಐಫೋನಿನಲ್ಲಿ ಅದು ತಪ್ಪಿದ ಕರೆ, ಓದದ ಪತ್ರ, ಓದದ ಸಂದೇಶಗಳನ್ನು ಎಣಿಸುತ್ತಿತ್ತು. ಪ್ರತಿಯೊಂದರ ಹಿಂದೆಯೂ ಕಳುಹಿಸಿದ ಒಬ್ಬರಿದ್ದರು. 2009ರಲ್ಲಿ ಹೊರಗಿನ ಆ್ಯಪ್‌ಗಳಿಗೂ ದೂರದಿಂದಲೇ ಬಿಲ್ಲೆ ಅಂಟಿಸುವ ಅವಕಾಶ ದೊರೆಯಿತು. ಇಲ್ಲಿ ನನ್ನನ್ನು ಬೆರಗುಗೊಳಿಸಿದ ಸಂಗತಿಯೊಂದಿದೆ. ಹಾಗೆ ಬರುವ ಬಿಲ್ಲೆಯ ಸಂಖ್ಯೆಯನ್ನು ಫೋನು ತಾನೇ ಕೂಡಿ ಕಳೆದು ಮಾಡುವುದಿಲ್ಲ. ಕಂಪನಿಯ ಸರ್ವರ್ "5 ಎಂದು ತೋರಿಸು" ಎಂದರೆ 5; "0" ಎಂದರೆ ಬಿಲ್ಲೆ ಮಾಯ. ಅಲ್ಲಿ ಎಣಿಸುವ ಪದಾರ್ಥವೊಂದು ಇರಲೇಬೇಕೆಂಬ ಕಟ್ಟುಪಾಡು ಯಂತ್ರಕ್ಕಿಲ್ಲ. ಆದುದರಿಂದ ಲೆಕ್ಕ ಸರಿಯಿಡುವ ಹೊಣೆಯೆಲ್ಲ ಬರೆಯುವವನದು. ಒಂದೇ ಖಾತೆಯನ್ನು ಫೋನಿನಲ್ಲೂ ಟ್ಯಾಬಿನಲ್ಲೂ ಬಳಸುವವನು ಒಂದು ಕಡೆ ಓದಿದ ಕೂಡಲೆ ಇನ್ನೊಂದು ಕಡೆಯ ಸಂಖ್ಯೆಯನ್ನೂ ಇಳಿಸಬೇಕು. ಅದಕ್ಕೆ ಶ್ರಮ ಬೇಕು. ಶ್ರಮಪಡದವರ ಕೃಪೆಯಿಂದ, ಎಲ್ಲವನ್ನೂ ಓದಿ ಮುಗಿಸಿದ ಮೇಲೂ ನನ್ನ ತಮ್ಮನ ಟ್ಯಾಬಿನಲ್ಲಿ ಒಂದು 3 ವರ್ಷದಿಂದ ಕುಳಿತಿದೆ. ಇನ್ನು "ಹೊಸ ಆಫರ್ ಬಂದಿದೆ" ಎಂಬುದಕ್ಕೆ 1 ಎಂದು ಬರೆಯುವವರ ಉತ್ತರಪತ್ರಿಕೆಗೆ ನಾನು ಅರ್ಧ ಅಂಕವಲ್ಲ, ಪೂರ್ತಿ ಅಂಕ ಕಳೆಯುತ್ತಿದ್ದೆ.

"ಕಳುಹಿಸದಿದ್ದರೆ ಜನ ನಮ್ಮನ್ನು ಮರೆತೇಬಿಡುತ್ತಾರೆ ಸರ್" ಎಂಬುದು ಶಿಷ್ಯನ ವಾದ. ಮರೆಯಲಿ ಬಿಡಪ್ಪಾ! ಮರೆಯುವುದು ಗಿರಾಕಿಯ ಹಕ್ಕು. ಸಂತೆಯಲ್ಲಿ ಕೂಗುವವನನ್ನು ನಾನು ಬೇಡವೆನ್ನುವುದಿಲ್ಲ, ಅದು ಅವನ ಹೊಟ್ಟೆಪಾಡು. ಆದರೆ ಈರುಳ್ಳಿ ಮಾರುವವನು ತಳ್ಳುಗಾಡಿಗೆ ಆಂಬುಲೆನ್ಸಿನ ಸೈರನ್ ಕಟ್ಟಿದರೆ ಬೀದಿಯವರು ಸುಮ್ಮನಿರುತ್ತಾರೆಯೇ? 2023ರ ಅಕ್ಟೋಬರಿನಲ್ಲಿ ವಿಪತ್ತಿನ ಎಚ್ಚರಿಕೆಯ ಪರೀಕ್ಷೆಗೆಂದು ರಾಜ್ಯದಲ್ಲಿ ಫೋನುಗಳು ಒಮ್ಮೆಲೇ ಅರಚಿದ್ದು ನಿಮಗೆ ನೆನಪಿರಬಹುದು. ನಮ್ಮ ಬೀದಿಯವರೆಲ್ಲ ಹೊರಗೆ ಬಂದು ನಿಂತೆವು. ಆ ದನಿಯನ್ನು ಯಾರೂ ಕ್ರೀಮು ಮಾರಲು ಬಳಸಿರಲಿಲ್ಲವಾದ್ದರಿಂದ ಹೊರಗೆ ಬಂದೆವು.

ಕಾನೂನಿಲ್ಲವೇ ಎಂದರೆ, ಪಕ್ಕದ ಕೋಣೆಯಲ್ಲಿದೆ. ಎಸ್ಸೆಮ್ಮೆಸ್ಸಿಗೆ ಟ್ರಾಯ್‌ನ 2018ರ ನಿಯಮಾವಳಿಯುಂಟು. 2025ರ ತಿದ್ದುಪಡಿಯ ಬಳಿಕ ಕಳುಹಿಸಿದವರ ಹೆಸರಿನ ಬಾಲದಲ್ಲಿ ಪಿ ಇದ್ದರೆ ಪ್ರಚಾರ, ಎಸ್ ಇದ್ದರೆ ಸೇವೆ, ಟಿ ಇದ್ದರೆ ವ್ಯವಹಾರ, ಜಿ ಇದ್ದರೆ ಸರ್ಕಾರ. ಅದೇ ಮಾತು ಆ್ಯಪ್ ಮೂಲಕ ಬಂದರೆ ಈ ಬಾಲವಿಲ್ಲ. ಗ್ರಾಹಕರ ರಕ್ಷಣೆಗೆಂದು ಕೇಂದ್ರ ಪ್ರಾಧಿಕಾರ 2023ರಲ್ಲಿ ಹೆಸರಿಸಿದ 13 ಬಗೆಯ ಮೋಸದ ವಿನ್ಯಾಸಗಳಲ್ಲಿ ಮರೆಮಾಚಿದ ಜಾಹೀರಾತೂ ಇದೆ, ಪದೇ ಪದೇ ಪೀಡಿಸುವುದೂ ಇದೆ. ಬಳಕೆದಾರ ಸ್ಪಷ್ಟವಾಗಿ ಒಪ್ಪದೆ ಜಾಹೀರಾತಿಗೆ ನೋಟಿಫಿಕೇಶನ್ ಬಳಸಬಾರದೆಂದು ಆ್ಯಪಲ್ ಕಂಪನಿಯ ನಿಯಮವೇ ಹೇಳುತ್ತದೆ. ನನ್ನ ಮಗನ ಐಫೋನನ್ನು ನೋಡಿದರೆ ಆ ನಿಯಮವನ್ನು ಓದಿದವರು ಕಡಿಮೆ ಎನಿಸುತ್ತದೆ.

ನಿಮ್ಮಲ್ಲಿ ಕನಿಷ್ಠ ಇಪ್ಪತ್ತು ಮಂದಿ ಈ ಕೆಲಸದಲ್ಲಿದ್ದೀರಿ, ಬೆಂಗಳೂರಿನಲ್ಲಿ, ಪುಣೆಯಲ್ಲಿ, ಸಮುದ್ರದಾಚೆ. ಮೇಲಿನವರು ಹೇಳಿದರು, ಮಾಡಿದೆವು ಎನ್ನಬೇಡಿ. ಚಾನೆಲ್ ಒಂದಿರಬೇಕೋ ಮೂರಿರಬೇಕೋ ಎಂಬ ಸಾಲನ್ನು ಬರೆಯುವ ಕೈ ನಿಮ್ಮದು. ಮುಂದಿನ ಸಭೆಯಲ್ಲಿ ಯಾರಾದರೂ ಎಲ್ಲವನ್ನೂ ಒಂದರಲ್ಲೇ ಹಾಕಿಬಿಡೋಣ ಎಂದಾಗ, ಯಾರದೋ ಮನೆಯ ಫ್ರಿಜ್ಜಿನಲ್ಲಿ ಖಾಲಿಯಾಗುತ್ತಿರುವ ಔಷಧದ ಸುದ್ದಿಯೂ ಅದರಲ್ಲೇ ಹೋಗುತ್ತದೆಂದು ಒಮ್ಮೆ ಎದ್ದು ಹೇಳಿ. ಬೈದರೆ ನನ್ನ ಹೆಸರು ಹೇಳಿ, ನಮ್ಮ ಮೇಷ್ಟ್ರು ತಲೆಹರಟೆ ಎನ್ನಿ.

ಆ ಆ್ಯಪನ್ನು ನಾನು ತೆಗೆದುಹಾಕಿದ್ದೇನೆ. ಈಗ ಬೀದಿಯ ಕೊನೆಯ ಅಂಗಡಿಯವರೇ ತಿಂಗಳಿನ ಇಪ್ಪತ್ತೈದಕ್ಕೆ ಕರೆ ಮಾಡಿ, "ಸರ್, ಅಮ್ಮನವರ ಇನ್ಸುಲಿನ್ ತರಿಸಿಡಲೇ?" ಎಂದು ಕೇಳುತ್ತಾರೆ. ಎಂಟು ಪರ್ಸೆಂಟ್ ರಿಯಾಯಿತಿ ಹೋಯಿತೆಂದು ಮಗನಿಗೆ ಸ್ವಲ್ಪ ಬೇಸರವಿದೆ.