ಮರೆಗೆ ಯಾವುದು ಮೇಲು?

ನಮ್ಮ ಚಿಕಿತ್ಸಾಲಯದ ತಪಾಸಣಾ ಕೋಣೆಯ ಗಾಜಿನ ಕಿಟಕಿ ಜನ ಓಡಾಡುವ ದಾರಿಯ ಬದಿಗಿದೆ. ಎದೆಯಲ್ಲಿ ಗಂಟಿದ್ದರೂ ತೋರಿಸದೆ ಮರಳಿದ ತಾಯಂದಿರಿದ್ದಾರೆ. ಆದುದರಿಂದ ಮರೆ ಎಂಬುದು ಅಲಂಕಾರವಲ್ಲ, ಚಿಕಿತ್ಸೆಯ ಮೊದಲ ಮೆಟ್ಟಿಲು.

ಸ್ವಿಚ್ ಒತ್ತಿದರೆ ಮಸುಕಾಗುವ ಗಾಜು ಹಾಕಿಸೋಣವೆಂದು ಕೆಲವರು ಸೂಚಿಸಿದ್ದಾರೆ. ಅದರ ಒಳಪದರದಲ್ಲಿ ದ್ರವ ಸ್ಫಟಿಕದ ಸೂಕ್ಷ್ಮ ಹನಿಗಳಿರುತ್ತವೆ. ವಿದ್ಯುತ್ ಹರಿದಾಗ ಅವು ಒಂದೇ ದಿಕ್ಕಿಗೆ ಹೊಂದಿಕೊಂಡು ಗಾಜು ತಿಳಿಯಾಗುತ್ತದೆ. ವಿದ್ಯುತ್ ನಿಂತರೆ ಹಾಲಿನಂತಾಗುತ್ತದೆ. ಕರೆಂಟು ಹೋದರೂ ಮಾನ ಹೋಗದು, ನಿಜ. ಆದರೆ ಹಳೆಯ ಗಾಜು ತೆಗೆಸಬೇಕು, ವಯರಿಂಗ್ ಮಾಡಿಸಬೇಕು, ದುಬಾರಿ ಬೆಲೆ ತೆರಬೇಕು. ದಾದಿಯರು ಹೊರಗಿನಿಂದಲೇ ರೋಗಿಯನ್ನು ಆಗಾಗ ನೋಡಬೇಕಾದ ತೀವ್ರ ನಿಗಾ ಘಟಕಕ್ಕೆ ಅದು ಸಲ್ಲುತ್ತದೆ. ನಮ್ಮ ಕಿಟಕಿ ತಿಳಿಯಾಗಬೇಕಾದ ಗಳಿಗೆಯೇ ಇಲ್ಲ.

ಈಗಿರುವ ಗಾಜಿಗೇ ಸಾಬೂನು ನೀರು ಸಿಂಪಡಿಸಿ ಅಂಟಿಸುವ ಮಸುಕು ಫಿಲ್ಮ್ ನಮಗೆ ಸಾಕು. ಬೆಳಕು ಒಳಗೆ ಬರುತ್ತದೆ, ಹೊರಗಿನವರ ಕಣ್ಣು ಬರುವುದಿಲ್ಲ. ಆದರೆ ಕನ್ನಡಿಯಂತೆ ಹೊಳೆಯುವ ಫಿಲ್ಮ್ ಬೇಡ. ಅದು ಹಗಲಿನಲ್ಲಿ ಮಾತ್ರ ಮರೆ. ಸಂಜೆ ಒಳಗೆ ದೀಪ ಉರಿದರೆ ಎಲ್ಲವೂ ಹೊರಗೆ ಕಾಣುತ್ತದೆ.

ಇನ್ನೊಂದು ಮಾತು. ಫಿಲ್ಮ್ ನೋಟವನ್ನು ತಡೆದೀತು, ಮಾತನ್ನು ತಡೆಯದು. ಕಾಯುವವರ ಬೆಂಚನ್ನು ಬಾಗಿಲಿನಿಂದ ದೂರ ಇಡೋಣ. ಅಡಿಕೆ, ತೆಂಗು ಮಾರಿ ನೀವು ಕೊಟ್ಟ ಹಣದಲ್ಲಿ ಉಳಿಯುವುದು ಔಷಧಿಗಿರಲಿ. ಆಮೇಲಾದರೂ ತಾಯಂದಿರು ಸಂಕೋಚ ಬಿಟ್ಟು ಬರಲಿ. ನಾವು ಹಿಂಜರಿದಷ್ಟು ದಿನ ರೋಗ ಕಾದು ಕೂರುವುದಿಲ್ಲ.