ಹಾದಿಗೂ ಆಗ್ಬೇಕು, ಓದೋಕೂ ಆಗ್ಬೇಕು: ಸಣ್ಣ ಟ್ಯಾಬ್ ಬಗ್ಗೆ ನನ್ನ ಮಾತು

ಈ ವಾರ ಸೇವಂತಿಗೆ ನಾಟಿ ಬಗ್ಗೆ ಬರೀತೀನಿ ಅಂದಿದ್ದೆ. ಅದು ಮುಂದಿನ ವಾರಕ್ಕೆ ಇರಲಿ. ಹೋದ ತಿಂಗಳಿಂದ ನಾಲ್ಕೈದು ಜನ ನನ್ನ ಕೈಲಿರೋ ಟ್ಯಾಬ್ ನೋಡಿ "ಯಾವ್ದಣ್ಣ ಇದು, ನಾನೂ ಒಂದು ತಗೊಳ್ಳಾ?" ಅಂತ ಕೇಳ್ತಾ ಇದ್ದಾರೆ. ಒಬ್ಬೊಬ್ಬರಿಗೂ ಹೇಳೋ ಬದಲು ಒಂದೇ ಸಲ ಬರೆದುಬಿಡ್ತೀನಿ. ಉದ್ದ ಆಗುತ್ತೆ, ಬಿಡುವಾದಾಗ ಓದಿ.

ಮೊದಲು ನನ್ನ ತಪ್ಪು ಹೇಳ್ತೀನಿ. ಎರಡು ವರ್ಷದ ಹಿಂದೆ ಮಗ "ಅಪ್ಪಾ, ನಿನ್ನ ಕಣ್ಣಿಗೆ ದೊಡ್ಡದೇ ಸರಿ" ಅಂತ ಹೇಳಿ 11 ಇಂಚಿನ ಟ್ಯಾಬ್ ಕೊಡಿಸಿದ. ಅಂಗಡಿಯವನು "ಎಲ್ಲಾ ಬರುತ್ತೆ ಸಾರ್" ಅಂದ. ಮನೆಗೆ ತಂದು ನೋಡಿದರೆ ಸಿಮ್ ಹಾಕೋ ಜಾಗವೇ ಇಲ್ಲ, ಬರೀ ವೈಫೈ. ತೋಟದಲ್ಲಿ ವೈಫೈ ಎಲ್ಲಿಂದ ಬರಬೇಕು? ಫೋನಿಂದ ಹಾಟ್‌ಸ್ಪಾಟ್ ಕೊಟ್ಟುಕೊಂಡು ಎರಡು ತಿಂಗಳು ಒದ್ದಾಡಿದೆ. ಕವರ್ ಸೇರಿ ಮುಕ್ಕಾಲು ಕೆಜಿ ಹತ್ತಿರ ತೂಕ. ಮಾರ್ಕೆಟ್‌ಗೆ ಹೂ ತಗೊಂಡು ಹೋಗುವಾಗ ಟಾಟಾ ಏಸ್‌ನಲ್ಲಿ ಎಲ್ಲಿಡಬೇಕು ಅನ್ನೋದೇ ಒಂದು ತಲೆನೋವು. ಈಗ ಅದು ಮೊಮ್ಮಗಳ ಕಾರ್ಟೂನ್ ಪೆಟ್ಟಿಗೆ ಆಗಿದೆ. ದೊಡ್ಡ ಟ್ಯಾಬ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಮನೆಯಲ್ಲಿ ಮೇಜಿನ ಮೇಲೆ ಇಟ್ಟು ನೋಡೋರಿಗೆ ಅದೇ ಚೆನ್ನ. ಆದರೆ ನಾವು ಮೇಜಿನ ಮುಂದೆ ಕೂತು ದುಡಿಯೋ ಜನ ಅಲ್ಲ.

"ಹಂಗಾದ್ರೆ ಫೋನೇ ಸಾಕಲ್ಲ, ಯಾಕೆ ದುಡ್ಡು ದಂಡ?" ಅಂತ ಪಕ್ಕದ ತೋಟದ ಅಣ್ಣ ಕೇಳಿದರು. ನ್ಯಾಯವಾದ ಪ್ರಶ್ನೆ. ಅದಕ್ಕೆ ಟೇಪ್ ಹಿಡಿದು ಅಳತೆ ಮಾಡಿಯೇ ಉತ್ತರ ಕೊಟ್ಟೆ. ನಮ್ಮ ಆರೂವರೆ ಇಂಚಿನ ಫೋನಿನ ಅಗಲ ಹೆಚ್ಚೂ ಕಡಿಮೆ 7 ಸೆಂಟಿಮೀಟರ್. ಪಹಣಿ, ಕ್ರಯಪತ್ರ, ಕರಾರು, ಇವೆಲ್ಲ ಬರೋದು ದೊಡ್ಡ ಹಾಳೆಯಲ್ಲಿ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಅಂದರೆ ಫೋನಲ್ಲಿ ಅಕ್ಷರ ಮೂರರಲ್ಲಿ ಒಂದು ಪಾಲಿಗೆ ಕುಗ್ಗುತ್ತೆ. ಐವತ್ತು ದಾಟಿದ ಕಣ್ಣಿಗೆ ಅದು ಇರುವೆ ಸಾಲು. ಫೋನನ್ನ ಅಡ್ಡ ಹಿಡಿದರೆ ಅಕ್ಷರ ಸ್ವಲ್ಪ ದಪ್ಪ ಆಗುತ್ತೆ, ಆದರೆ ಎತ್ತರ ಇರಲ್ಲ, ಕೆಲವೇ ಸಾಲು ಕಾಣುತ್ತೆ. ಮೇಲಿನ ಸಾಲು ಓದಿ ಕೆಳಗೆ ಬರೋ ಹೊತ್ತಿಗೆ ಮೇಲಿಂದು ಮರೆತಿರುತ್ತೆ. 8.7 ಇಂಚಿನ ಟ್ಯಾಬ್ ಅಡ್ಡ ಹಿಡಿದರೆ 19 ಸೆಂಟಿಮೀಟರ್ ಬರುತ್ತೆ. ಹೆಚ್ಚೂ ಕಡಿಮೆ ಕಾಗದವನ್ನೇ ಕೈಲಿ ಹಿಡಿದಂಗೆ. ತೂಕ 330 ಗ್ರಾಂ ಆಸುಪಾಸು. ಕೈಚೀಲದಲ್ಲಿ ಟಿಫನ್ ಡಬ್ಬಿ ಪಕ್ಕ ಕೂರುತ್ತೆ.

ಇಷ್ಟು ಅಳತೆ ಯಾಕೆ ಹೇಳಿದೆ ಅಂದ್ರೆ, ಇದರಿಂದ ನನ್ನ 30 ಗುಂಟೆ ಉಳಿದಿದೆ.

ನಮ್ಮ ಸರ್ಜಾಪುರ, ವರ್ತೂರು ಕಡೆ ಹೊಲಗಳ ಪರಿಸ್ಥಿತಿ ನಿಮಗೆ ಗೊತ್ತೇ ಇದೆ. ರಾಗಿ ಬೆಳೆಯೋ ಜಾಗ ನೋಡಿದ ತಕ್ಷಣ ಯಾರಾದರೂ ಒಬ್ಬರು ಶೆಡ್ ಹಾಕ್ತೀವಿ, ಗೋಡೌನ್ ಕಟ್ತೀವಿ, ಬಸ್ ನಿಲ್ಲಿಸ್ತೀವಿ ಅಂತ ಬರ್ತಾರೆ. ಹಂಗೇ ಒಬ್ಬ ಏಜೆಂಟ್ ನನ್ನ ರಸ್ತೆ ಬದಿ 30 ಗುಂಟೆಯನ್ನ ಕಂಪನಿ ಬಸ್‌ಗಳ ಪಾರ್ಕಿಂಗಿಗೆ ಬಾಡಿಗೆಗೆ ಕೇಳಿದ. 11 ತಿಂಗಳಿಗೆ ಅಂತ ಬಾಯಿ ಮಾತಲ್ಲಿ ಆಯ್ತು. ನಾನೂ ನಮ್ಮ ಮನೆಯೋಳೂ ಧರ್ಮಸ್ಥಳಕ್ಕೆ ಹೊರಟಿದ್ವಿ. ಬಸ್ಸು ಕುಣಿಗಲ್ ದಾಟುವಾಗ ಫೋನ್ ಬಂತು. "ಕರಾರು ವಾಟ್ಸಾಪ್‌ಗೆ ಹಾಕಿದೀನಿ, ಎಲ್ಲಾ ಮಾಮೂಲು ಷರತ್ತೇ. ಒಪ್ಪಿಗೆ ಅಂತ ಒಂದು ಮೆಸೇಜ್ ಹಾಕಿ, ನೀವು ಬಂದ ತಕ್ಷಣ ರಿಜಿಸ್ಟರ್, ಅಡ್ವಾನ್ಸ್ ಕೈಗೆ." 14 ಪುಟ. ಫೋನಲ್ಲಿ ಎರಡು ಪುಟ ಓದೋ ಹೊತ್ತಿಗೆ ಕಣ್ಣಲ್ಲಿ ನೀರು. ಚೀಲದಿಂದ ಟ್ಯಾಬ್ ತೆಗೆದೆ. "ಬಸ್ಸಲ್ಲಿ ಓದಿದ್ರೆ ತಲೆ ಸುತ್ತುತ್ತೆ, ಇಡಿ ಒಳಗೆ" ಅಂತ ಬೈಸಿಕೊಂಡೇ ಓದಿದೆ.

ಏಳನೇ ಪುಟದಲ್ಲಿ ಇತ್ತು ನೋಡಿ. ಗುತ್ತಿಗೆ 9 ವರ್ಷ. ಮಾಲೀಕ ಮಧ್ಯದಲ್ಲಿ ಬಿಡಿಸಿಕೊಳ್ಳುವಂತಿಲ್ಲ. ಗುತ್ತಿಗೆದಾರ ಬೇರೆಯವರಿಗೆ ಒಳಗುತ್ತಿಗೆ ಕೊಡಬಹುದು, ಬೋರ್ ಕೊರೆಸಬಹುದು, ಕಟ್ಟಡ ಕಟ್ಟಬಹುದು. ಆಗ ಹೊಳೆಯಿತು. ಒಂದು ವರ್ಷ ಮೀರಿದ ಗುತ್ತಿಗೆಗೆ ಕಾನೂನು ಪ್ರಕಾರ ರಿಜಿಸ್ಟರ್ ಆಗಲೇಬೇಕು. ಅದಕ್ಕೇ ಅಲ್ವಾ ಎಲ್ಲರೂ 11 ತಿಂಗಳು ಅಂತ ಬರೆಸೋದು? 11 ತಿಂಗಳ ಬಾಡಿಗೆಗೆ ಇವನು ಯಾಕೆ ರಿಜಿಸ್ಟರ್ ರಿಜಿಸ್ಟರ್ ಅಂತ ಅವಸರ ಮಾಡ್ತಿದ್ದ ಅಂತ ಹಾಸನ ಬರೋ ಹೊತ್ತಿಗೆ ಅರ್ಥ ಆಯ್ತು. ಒಪ್ಪಿಗೆ ಅನ್ನೋ ಮೆಸೇಜ್ ಹಾಕಲಿಲ್ಲ. ಊರಿಗೆ ಬಂದು ವಕೀಲರಿಗೆ ತೋರಿಸಿದೆ, ಅವರೂ ಅದನ್ನೇ ಹೇಳಿದರು. ಆ ಜಾಗದಲ್ಲಿ ಈ ಸಲ ರಾಗಿ ನಿಂತಿದೆ.

ಟ್ಯಾಬ್ ನನ್ನನ್ನ ಉಳಿಸಿತು ಅಂತ ನಾನು ಹೇಳಲ್ಲ. ಓದಿದ್ದು ಉಳಿಸಿತು. ಆದರೆ ಓದೋಕೆ ಆಗೋ ಸಾಮಾನು ಆ ಹೊತ್ತಿಗೆ ಕೈಲಿರಬೇಕಲ್ಲ.

ಈಗ ತಗೊಳ್ಳೋರು ಏನು ನೋಡಬೇಕು ಅಂತ ನನಗೆ ತಿಳಿದಷ್ಟು ಹೇಳ್ತೀನಿ.

ಮೊದಲನೇದು ಸಿಮ್. ಸಿಮ್ ಇರೋದನ್ನೇ ತಗೊಳ್ಳಿ. ಸ್ಯಾಮ್‌ಸಂಗ್ ಗ್ಯಾಲಕ್ಸಿ ಟ್ಯಾಬ್ ಎ9 ಅನ್ನೋ 8.7 ಇಂಚಿನದು 2023ರಲ್ಲಿ ನಮ್ಮಲ್ಲಿ ಬಂದಾಗ ವೈಫೈ ಮಾತ್ರದ್ದು 12,999, ಸಿಮ್ ಇರೋದು 15,999. ಆ ಮೂರು ಸಾವಿರ ಉಳಿಸೋಕೆ ಹೋಗಿ ಹೊಲದಲ್ಲಿ ಕೆಲಸಕ್ಕೆ ಬಾರದ್ದು ತರಬೇಡಿ. 16 ಸಾವಿರ ಅಂದ್ರೆ 1,350ರ ಲೆಕ್ಕದಲ್ಲಿ ಸುಮಾರು ಹನ್ನೆರಡು ಚೀಲ ಡಿಎಪಿ. ಸಣ್ಣ ದುಡ್ಡಲ್ಲ, ಅದಕ್ಕೇ ಒಂದೇ ಸಲ ಸರಿಯಾಗಿ ತಗೊಳ್ಳಿ ಅನ್ನೋದು. ಇದೇ ಅಳತೆಯಲ್ಲಿ ರೆಡ್‌ಮಿ, ಲೆನೊವೊದವೂ ಇವೆ. ಕಂಪನಿ ಯಾವುದು ಅನ್ನೋದಕ್ಕಿಂತ ಅಂಗಡಿಯಲ್ಲೇ ನಿಮ್ಮ ಸಿಮ್ ಹಾಕಿಸಿ ನೋಡೋದು ಮುಖ್ಯ.

ಎರಡನೇದು ಜಿಪಿಎಸ್. ಬೆಳೆ ಸಮೀಕ್ಷೆ ಆಪ್‌ನಲ್ಲಿ ಹೊಲದಲ್ಲೇ ನಿಂತು ಫೋಟೋ ಹಾಕಬೇಕು. ದಿಶಾಂಕ್ ಆಪ್ ನಾವು ನಿಂತಿರೋ ಜಾಗದ ಸರ್ವೆ ನಂಬರ್ ತೋರಿಸುತ್ತೆ. ಎರಡಕ್ಕೂ ಜಿಪಿಎಸ್ ಬೇಕು. ಆಪಲ್‌ನ ಐಪ್ಯಾಡ್ ಮಿನಿ ನೋಡೋಕೆ ಚೆಂದ, 300 ಗ್ರಾಂ ಒಳಗೇ ಇದೆ, ಆದರೆ 2024ರದ್ದು ಶುರುವಾಗಿದ್ದೇ 49,900ಕ್ಕೆ. ಅದರ ವೈಫೈ ಮಾದರಿಯಲ್ಲಿ ಜಿಪಿಎಸ್ ಇಲ್ಲ. ನಮಗೆ ಅದು ಬೇಡ.

ಮೂರನೇದು ಬೆಳಕು. ಅಂಗಡಿ ಒಳಗೆ ಎಲ್ಲಾ ಸ್ಕ್ರೀನೂ ಫಳಫಳ ಅನ್ನುತ್ತೆ. ಹೊರಗೆ ಬಿಸಿಲಿಗೆ ತಂದು, ನಿಮ್ಮದೇ ಪಹಣಿ ತೆಗೆದು, 11ನೇ ಕಾಲಂನಲ್ಲಿ ಋಣಗಳು ಏನಿದೆ ಅಂತ ಓದಿ ನೋಡಿ. ಓದೋಕೆ ಆದರೆ ಸರಿ, ಆಗದಿದ್ದರೆ ವಾಪಸ್ ಕೊಡಿ. ನಾಚಿಕೆ ಬೇಡ, ದುಡ್ಡು ನಮ್ಮದು.

ನಾಲ್ಕನೇದು ಮೆಮೊರಿ ಮತ್ತೆ ಬ್ಯಾಟರಿ. 4 ಜಿಬಿ ರಾಮ್‌ಗಿಂತ ಕಡಿಮೆ ಬೇಡ, ಒಂದು ವರ್ಷಕ್ಕೇ ತೆವಳುತ್ತೆ. ಮೆಮೊರಿ ಕಾರ್ಡ್ ಹಾಕೋ ಜಾಗ ಇರಲಿ. ಸಣ್ಣ ಟ್ಯಾಬ್‌ನ ಇನ್ನೊಂದು ಲಾಭ ಏನಂದ್ರೆ ಹತ್ತು ಸಾವಿರದ ಪವರ್ ಬ್ಯಾಂಕ್ ಒಂದಿದ್ದರೆ ಪೂರ್ತಿ ಒಂದು ಸಲ ತುಂಬುತ್ತೆ. ಎರಡು ದಿನದ ಪ್ರಯಾಣಕ್ಕೆ ನನಗೆ ಅಷ್ಟು ಸಾಕಾಗಿದೆ.

ಸೆಕೆಂಡ್ ಹ್ಯಾಂಡ್ ಬಗ್ಗೆ ಒಂದು ಮಾತು. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಕಡೆ ಕಂಪನಿ ಹುಡುಗರು ಹಳೇದನ್ನ ಅಗ್ಗಕ್ಕೆ ಮಾರ್ತಾರೆ. ತಗೊಳ್ಳಿ, ಆದರೆ ಹಳೇ ಮಾಲೀಕನ ಅಕೌಂಟ್ ನಿಮ್ಮ ಕಣ್ಣೆದುರೇ ತೆಗೆಸಿ. ಇಲ್ಲದಿದ್ದರೆ ಅದು ಬೀಗ ಹಾಕಿದ ಪೆಟ್ಟಿಗೆ. ಆಂಡ್ರಾಯ್ಡ್ ತುಂಬಾ ಹಳೇದಾದರೆ ಆಪ್‌ಗಳು ಕೂರಲ್ಲ, ಅದನ್ನೂ ನೋಡಿ.

ಬ್ಯಾಂಕಿನ ವ್ಯವಹಾರ ಮಾತ್ರ ಟ್ಯಾಬ್‌ನಲ್ಲಿ ಬೇಡ ಅನ್ನೋದು ನನ್ನ ಪಾಲಿಸಿ. ಬ್ಯಾಂಕಿಗೆ ಕೊಟ್ಟಿರೋ ಸಿಮ್ ಫೋನಲ್ಲೇ ಇರಲಿ, ಯುಪಿಐ ಅಲ್ಲೇ ಇರಲಿ. ಟ್ಯಾಬ್‌ಗೆ ಬೇರೆ ಸಿಮ್. ಇದು ಮಕ್ಕಳ ಕೈಗೂ ಹೋಗೋ ಸಾಮಾನು.

ಇನ್ನೊಂದು ವಿಷಯ ಹೇಳಲೇಬೇಕು. ಇಂಥ ಕೈಯಾಳತೆಯ ಕಂಪ್ಯೂಟರ್ ಮಾಡಬೇಕು, ಹಳ್ಳಿ ಜನಕ್ಕೆ ಅವರ ಭಾಷೆಯಲ್ಲೇ ಮಾತಾಡಬೇಕು ಅಂತ ಯೋಚನೆ ಮಾಡಿದೋರು ನಮ್ಮ ಹತ್ತಿರದಲ್ಲೇ ಇದ್ದರು. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್ ಪ್ರೊಫೆಸರ್‌ಗಳು ಎನ್ಕೋರ್ ಕಂಪನಿ ಜೊತೆ ಸೇರಿ 2001ರ ಹೊತ್ತಿಗೇ ಸಿಂಪ್ಯೂಟರ್ ಅಂತ ಮಾಡಿದ್ದರು. 2004ರಲ್ಲಿ ಬಿಇಎಲ್‌ನವರು ಅಮಿಡಾ ಅನ್ನೋ ಹೆಸರಲ್ಲಿ ಮಾರುಕಟ್ಟೆಗೂ ಬಿಟ್ಟರು. ಓದು ಬಾರದವರಿಗೆ ಓದಿ ಹೇಳೋ ಆಸೆ ಅದರಲ್ಲಿತ್ತು. ಅಂದುಕೊಂಡಷ್ಟು ಮಾರಾಟ ಆಗಲಿಲ್ಲ, ನಿಂತುಹೋಯಿತು. ಆದರೆ ಆ ಆಸೆ ಸರಿ ಇತ್ತು. ಈಗಿನ ಟ್ಯಾಬ್‌ನಲ್ಲಿ ಕನ್ನಡದಲ್ಲಿ ಮಾತಾಡಿದರೆ ಅದೇ ಬರೆದುಕೊಳ್ಳುತ್ತೆ, ಬರೆದದ್ದನ್ನ ಓದಿಯೂ ಹೇಳುತ್ತೆ. ನಿಮ್ಮ ಮನೆಯಲ್ಲಿ ಹುಡುಗರಿಗೆ ಹೇಳಿ ಇದನ್ನ ಆನ್ ಮಾಡಿಸಿಕೊಳ್ಳಿ. ಈ ಬರಹದಲ್ಲಿ ಅರ್ಧ ನಾನು ಬಾಯಲ್ಲಿ ಹೇಳಿ ಬರೆಸಿದ್ದೇ.

ಕೊನೇದಾಗಿ ನನ್ನ ಅಭಿಪ್ರಾಯ. ಹಾಡು, ಸಿನಿಮಾ, ರೇಟು ನೋಡೋದು ಇವೆಲ್ಲ ಫೋನಲ್ಲೂ ಆಗುತ್ತೆ. ಅಷ್ಟಕ್ಕೇ ಆದ್ರೆ ಟ್ಯಾಬ್ ಬೇಡ, ಆ ದುಡ್ಡಲ್ಲಿ ಡ್ರಿಪ್ ಪೈಪ್ ಬದಲಾಯಿಸಿ. ಆದರೆ ಜಮೀನಿನ ಕಾಗದ ಬರೋ ಮನೆಗೆ, ಊರೂರು ತಿರುಗೋ ಕೈಗೆ, ಚಾಳೀಸು ಬಂದ ಕಣ್ಣಿಗೆ ಎಂಟು ಇಂಚಿನ ಆಸುಪಾಸಿನದು ಒಂದಿರಲಿ. ನಾವು ಓದದೇ ಇರೋ ಪುಟದ ಮೇಲೆ ಬದುಕೋ ಜನ ಈ ಬೆಲ್ಟ್‌ನಲ್ಲಿ ಜಾಸ್ತಿ ಆಗಿದ್ದಾರೆ. ಪುಟ ಕಾಣಲಿಲ್ಲ ಅನ್ನೋ ಕಾರಣಕ್ಕೆ ಹೊಲ ಹೋಗಬಾರದು.

ತಗೊಳ್ಳೋಕೆ ಮುಂಚೆ ಒಂದು ಸಲ ನೋಡಬೇಕು ಅನ್ನೋರು ಭಾನುವಾರ ಬೆಳಿಗ್ಗೆ ತೋಟಕ್ಕೆ ಬನ್ನಿ. ನಿಮ್ಮ ಪಹಣಿ ನಂಬರ್ ಮತ್ತೆ ಕನ್ನಡಕ ತನ್ನಿ, ನನ್ನ ಟ್ಯಾಬ್‌ನಲ್ಲೇ ತೆಗೆದು ಓದಿ ನೋಡೋಣ. ಕಾಫಿ ನಮ್ಮದು.