ಚೀಲದ ತಳದಲ್ಲಿ ಎರಡು ಗುಂಡು

ನಮ್ಮ ದೊಡ್ಡಪ್ಪನವರು ಶನಿವಾರದ ಬಟವಾಡೆಗೆಂದು ಪೇಟೆಯ ಬ್ಯಾಂಕಿನಿಂದ ಹಣ ತರುತ್ತಿದ್ದ ಕಾಲದಲ್ಲಿ ಹೆಗಲಿಗೆ ತೂಗುಹಾಕಿಕೊಳ್ಳುತ್ತಿದ್ದ ತೊಗಲಿನ ಚೀಲವೊಂದು, ಅವರು ತೀರಿಹೋಗಿ ಹನ್ನೊಂದು ವರ್ಷಗಳಾದ ಮೇಲೂ, ಮಲೆನಾಡಿನ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಹಾಳೆಯ ಕಟ್ಟುಗಳ ಹಿಂದಿನ ಗೂಟಕ್ಕೆ ಹಾಗೆಯೇ ನೇತುಬಿದ್ದಿತ್ತು. ಕಳೆದ ಬೇಸಿಗೆಯಲ್ಲಿ ಅವರ ಮೊಮ್ಮಗ ಅದನ್ನು ಕಂಡು ಆಸೆಪಟ್ಟು, ಮರುವಾರ ದಿಲ್ಲಿಗೆ ವಿಮಾನದಲ್ಲಿ ಹೋಗುವಾಗ ಇದನ್ನೇ ಒಯ್ಯುತ್ತೇನೆಂದನು. ಧೂಳು ಕೊಡವೋಣವೆಂದು ನಾನು ಚೀಲವನ್ನು ಅಂಗಳದಲ್ಲಿ ಬೋರಲು ಹಾಕಿದೆ. ಮೊದಲು ಬಿದ್ದುದು ಒಂದು ಮಾಸಿದ ಬಸ್ ಟಿಕೀಟು. ಅನಂತರ, ಒಳಪದರದ ಹೊಲಿಗೆ ಬಿಚ್ಚಿಕೊಂಡಿದ್ದ ಸಂದಿನಿಂದ, ಒಂದರ ಹಿಂದೊಂದರಂತೆ ಎರಡು ಗುಂಡುಗಳು ಉರುಳಿದುವು. ಹಿತ್ತಾಳೆಯ ಕೋಶ ಕಪ್ಪಿಟ್ಟು ಅಲ್ಲಲ್ಲಿ ಹಸಿರು ಕಿಲುಬು ಕಟ್ಟಿತ್ತು. ತಳದ ನಡುವಿನ ಪುಟ್ಟ ಕೇಪಿನ ಮೇಲೆ ಸೂಜಿ ಬಡಿದ ಗುರುತು ಇರಲಿಲ್ಲ. ಎಂದರೆ, ಹಾರದೆ ಉಳಿದ ಗುಂಡುಗಳು. ದೊಡ್ಡಪ್ಪನವರ .32 ಬೋರಿನ ರಿವಾಲ್ವರನ್ನು ಅವರ ಕಾಲಾನಂತರ ಲೈಸೆನ್ಸುದಾರ ವ್ಯಾಪಾರಿಗೆ ಒಪ್ಪಿಸಿ, ಲೈಸೆನ್ಸನ್ನು ರದ್ದುಪಡಿಸಿ, ಎಲ್ಲವೂ ಕ್ರಮವಾಗಿ ಮುಗಿಯಿತೆಂದು ನಾವೆಲ್ಲರೂ ನೆಮ್ಮದಿಯಿಂದ ಇದ್ದೆವು. ಈ ಎರಡು ಮಾತ್ರ ಲೆಕ್ಕ ತಪ್ಪಿ ಚೀಲದೊಳಗೆ ಉಳಿದಿದ್ದುವು.

ಆ ಚೀಲ ಅಂಗಳದಲ್ಲಿ ಬೋರಲಾಗದೆ ನೇರವಾಗಿ ವಿಮಾನನಿಲ್ದಾಣದ ಕ್ಷಕಿರಣ ಯಂತ್ರದೊಳಗೆ ಹೊಕ್ಕಿದ್ದರೆ, ತಾನು ಎಂದೂ ಕಂಡಿರದ ವಸ್ತುವಿಗೆ ಉತ್ತರ ಹೇಳಬೇಕಾದ ಇಪ್ಪತ್ತನಾಲ್ಕು ವರ್ಷದ ಹುಡುಗನೊಬ್ಬನು, ವಿಮಾನ ತಪ್ಪಿಸಿಕೊಂಡು, ಠಾಣೆಯ ಬೆಂಚಿನ ಮೇಲೆ ಕುಳಿತು, ಆಪಾದಿತನೆಂಬ ಹೆಸರನ್ನು ಹೊತ್ತು ಮನೆಗೆ ಮರಳಬೇಕಾಗುತ್ತಿತ್ತು. ಇದು ನನ್ನ ಭಯದ ಸೃಷ್ಟಿಯಲ್ಲ. ಇಂಥವೇ ಎಷ್ಟೋ ಮೊಕದ್ದಮೆಗಳು ದಿಲ್ಲಿಯ ಉಚ್ಚ ನ್ಯಾಯಾಲಯದ ಮುಂದೆ ಬಂದಿವೆ. ಒಂದೇ ಒಂದು ಗುಂಡು ಪೆಟ್ಟಿಗೆಯ ಮೂಲೆಯಲ್ಲಿ ಸಿಕ್ಕಿದುದಕ್ಕಾಗಿ ದಾಖಲಾದ ದೂರುಗಳನ್ನು ಆ ನ್ಯಾಯಾಲಯ ಮತ್ತೆಮತ್ತೆ ರದ್ದುಪಡಿಸಿದೆ.

ಕಾನೂನಿನ ಮಾತು ಸ್ಪಷ್ಟವಾಗಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯ 3ನೆಯ ಕಲಮು, ಲೈಸೆನ್ಸಿಲ್ಲದೆ ಯಾವನೇ ವ್ಯಕ್ತಿಯು ಬಂದೂಕನ್ನಾಗಲಿ ಮದ್ದುಗುಂಡನ್ನಾಗಲಿ ಸಂಪಾದಿಸಕೂಡದು, ವಶದಲ್ಲಿಟ್ಟುಕೊಳ್ಳಕೂಡದು, ಒಯ್ಯಕೂಡದೆಂದು ವಿಧಿಸುತ್ತದೆ. ಇಲ್ಲಿ ‘ಆಗಲಿ’ ಎಂಬ ಪದವನ್ನು ಗಮನಿಸಬೇಕು. ಕೋವಿಯಿಲ್ಲದ ಬರಿಯ ಗುಂಡು ನಿರುಪದ್ರವಿಯಾದ ಲೋಹದ ತುಂಡೆಂದು ಲೋಕ ತಿಳಿದಿರಬಹುದು. ಕಾಯಿದೆಯ ಕಣ್ಣಿಗೆ ಎರಡೂ ಸಮಾನ. ತನ್ನ ಹೆಸರಿನಲ್ಲಿ ಹನ್ನೆರಡು ಬೋರಿನ ಕೋವಿಗೆ ಲೈಸೆನ್ಸುಳ್ಳವನೂ ಸ್ನೇಹಿತನ ರಿವಾಲ್ವರಿನ ಗುಂಡನ್ನು ಜೇಬಿಗೆ ಹಾಕಿಕೊಂಡನೆಂದರೆ, ಆ ಗುಂಡಿನ ಮಟ್ಟಿಗೆ ಲೈಸೆನ್ಸಿಲ್ಲದವನೇ ಆಗುತ್ತಾನೆ. ತಪ್ಪಿದವನಿಗೆ 25ನೆಯ ಕಲಮಿನ ಪ್ರಕಾರ ಮೊದಲು ಒಂದರಿಂದ ಮೂರು ವರ್ಷಗಳ ಕಾರಾಗೃಹವಾಸವಿದ್ದುದು, 2019ರ ತಿದ್ದುಪಡಿಯ ತರುವಾಯ ಎರಡರಿಂದ ಐದು ವರ್ಷಗಳಿಗೆ ಏರಿದೆ. ಎರಡು ವರ್ಷಕ್ಕಿಂತ ಕಡಿಮೆ ಶಿಕ್ಷೆ ಕೊಡಬೇಕಾದರೆ ನ್ಯಾಯಾಧೀಶರು ವಿಶೇಷ ಕಾರಣಗಳನ್ನು ತೀರ್ಪಿನಲ್ಲಿ ಬರೆದಿಡಬೇಕು.

ಈ ಕಾಠಿನ್ಯವನ್ನು ನಾನು ಆಕ್ಷೇಪಿಸುವವನಲ್ಲ. ಗುಂಡಿಲ್ಲದ ಕೋವಿ ಕಬ್ಬಿಣದ ಕೊಳವೆ, ಕೊಲ್ಲತಕ್ಕುದು ಗುಂಡು. ನಾಡಕೋವಿಯನ್ನು ಹಿತ್ತಲ ಕುಲುಮೆಯಲ್ಲಿ ತಯಾರಿಸಬಲ್ಲವರು ಉಂಟು, ಆದರೆ ಒಳ್ಳೆಯ ಕಾಡತೂಸನ್ನು ಹಾಗೆ ತಯಾರಿಸುವುದು ಸುಲಭವಲ್ಲ. ಆದುದರಿಂದಲೇ ಗುಂಡಿನ ಹರಿದಾಟವನ್ನು ಬಿಗಿಹಿಡಿದ ರಾಜ್ಯವು ಕೋವಿಯ ಅರ್ಧ ಹಾವಳಿಯನ್ನು ತಡೆದಂತೆಯೇ ಸರಿ. ಲೈಸೆನ್ಸುದಾರನು ಒಂದು ಸಲಕ್ಕೆ ಎಷ್ಟು, ವರ್ಷಕ್ಕೆ ಎಷ್ಟು ಗುಂಡು ಕೊಳ್ಳಬಹುದೆಂಬುದನ್ನು ಅವನ ಪುಸ್ತಕದಲ್ಲಿಯೇ ನಮೂದಿಸಿ, ಮಾರಿದವನು ಪ್ರತಿ ಮಾರಾಟವನ್ನೂ ಅಲ್ಲಿ ಬರೆದು ಕೊಡಬೇಕೆಂಬ ಏರ್ಪಾಡು ವಿವೇಕದ ಏರ್ಪಾಡೇ ಆಗಿದೆ.

ಇದೇ ಕಾಯಿದೆಗೆ ಮನುಷ್ಯವ್ಯವಹಾರದ ಅರಿವೂ ಇಲ್ಲದಿಲ್ಲ. ಬಹುಜನರಿಗೆ ತಿಳಿಯದ ಪರಂತುಕವೊಂದು 3ನೆಯ ಕಲಮಿನಲ್ಲಿಯೇ ಇದೆ: ಲೈಸೆನ್ಸುಳ್ಳವನ ಸಮ್ಮುಖದಲ್ಲಿ, ಇಲ್ಲವೆ ಅವನು ಬರೆದುಕೊಟ್ಟ ಅಧಿಕಾರಪತ್ರದ ಮೇಲೆ, ಲೈಸೆನ್ಸಿಲ್ಲದ ಇನ್ನೊಬ್ಬನು ಕೋವಿಯನ್ನಾಗಲಿ ಮದ್ದುಗುಂಡನ್ನಾಗಲಿ ದುರಸ್ತಿಗಾಗಿ, ಲೈಸೆನ್ಸಿನ ನವೀಕರಣಕ್ಕಾಗಿ, ಅಥವಾ ಆ ಲೈಸೆನ್ಸುದಾರನ ಉಪಯೋಗಕ್ಕಾಗಿಯೇ ಒಯ್ಯಬಹುದು. ವಯಸ್ಸಾದ ತಂದೆಯ ಕೋವಿಯನ್ನು ಪೇಟೆಗೆ ದುರಸ್ತಿಗೆ ಕೊಂಡೊಯ್ಯುವ ಮಗನಿಗೆ ರಕ್ಷೆ ಆ ತಂದೆಯ ಸಹಿಯುಳ್ಳ ಎರಡು ಸಾಲಿನ ಚೀಟಿ. ಆದರೆ ಆ ರಕ್ಷೆ ಹೇಳಿದ ಮೂರು ಉದ್ದೇಶಗಳಾಚೆ ಒಂದು ಹೆಜ್ಜೆಯೂ ಸಾಗದು. ಮತ್ತು ಬರೆದುಕೊಟ್ಟವನು ಗತಿಸಿದ ದಿನ ಅವನ ಲೈಸೆನ್ಸಿನೊಡನೆಯೇ ಅದೂ ಗತಿಸುತ್ತದೆ. ನಮ್ಮ ಚೀಲದ ಗುಂಡುಗಳು ಹೀಗೆ ಅನಾಥವಾಗಿದ್ದುವು.

ಗುಂಡಿನ ವಿಷಯದಲ್ಲಿ ಸರ್ಕಾರ ಬಯಸಿದಾಗ ಎಷ್ಟು ಸೂಕ್ಷ್ಮವಾಗಿ ಎಣಿಸಬಲ್ಲುದೆಂಬುದಕ್ಕೆ ನಮ್ಮ ಕೊಡಗೇ ಸಾಕ್ಷಿ. ಕೊಡವರಿಗೂ ವಂಶಪಾರಂಪರ್ಯದ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿಯಿದೆ. ಬ್ರಿಟಿಷರ ಆಳ್ವಿಕೆಯ ಕಾಲದಷ್ಟು ಹಳೆಯ ಹಿನ್ನೆಲೆಯುಳ್ಳ ಈ ವಿಶ್ವಾಸವನ್ನು ಕೇಂದ್ರ ಸರ್ಕಾರವು 2019ರಲ್ಲಿ ಮತ್ತೆ ಹತ್ತು ವರ್ಷಗಳಿಗೆ ವಿಸ್ತರಿಸಿತು, ನಮ್ಮ ಉಚ್ಚ ನ್ಯಾಯಾಲಯವು 2021ರಲ್ಲಿ ಎತ್ತಿಹಿಡಿಯಿತು. ಮಗು ಹುಟ್ಟಿದಾಗ ಒಂದು, ಹಿರಿಯರು ತೀರಿದಾಗ ಎರಡು ಗುಂಡು ಹಾರಿಸುವ, ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದಿನಲ್ಲಿ ಕೋವಿಗೆ ಹೂವೇರಿಸುವ ಜನರಲ್ಲಿ ಇಟ್ಟ ಆ ವಿಶ್ವಾಸಕ್ಕೂ 1960ರ ದಶಕದ ಅಧಿಸೂಚನೆ ಅಂಕೆಯ ಎಲ್ಲೆ ಹಾಕಿತ್ತು: ಕೊಡಗಿನ ಹೊರಗೆ ವಾಸಿಸುವಾಗ ಅಥವಾ ಸಂಚರಿಸುವಾಗ ಒಂದು ರೈಫಲು ಮತ್ತು ಅದಕ್ಕೆ 100 ಗುಂಡು, ಒಂದು ನುಣುಪು ನಳಿಗೆಯ ಕೋವಿ ಮತ್ತು ಅದಕ್ಕೆ 500 ಕಾಡತೂಸು. ಆ ಎಲ್ಲೆಯೊಳಗೆ ರಿವಾಲ್ವರಿನ ಹೆಸರಿಲ್ಲ.

ಹಾಗಾದರೆ ದೋಷ ಎಲ್ಲಿದೆ? 25ನೆಯ ಕಲಮು ‘ವಶ’ ಎಂಬ ಪದವನ್ನು ಬಳಸುತ್ತದೆಯೇ ಹೊರತು, ವಶದಲ್ಲಿದ್ದುದನ್ನು ಅವನು ಅರಿತಿದ್ದನೋ ಇಲ್ಲವೋ ಎಂದು ಕೇಳುವುದಿಲ್ಲ. ಆ ಪ್ರಶ್ನೆಯನ್ನು ಕೇಳಿದವರು ನ್ಯಾಯಮೂರ್ತಿಗಳು. 1972ರಲ್ಲಿ ಗುನ್ವಂತ್‌ಲಾಲ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ವಶವೆಂಬುದರಲ್ಲಿ ಅರಿವಿನ ಅಂಶವಿರಲೇಬೇಕೆಂದು ಹೇಳಿತು. 1994ರಲ್ಲಿ ಸಂಜಯ್ ದತ್ ಮೊಕದ್ದಮೆಯಲ್ಲಿ, ಭಯೋತ್ಪಾದನೆಯ ತಡೆಗಾಗಿ ಮಾಡಿದ ಟಾಡಾದಂಥ ಉಗ್ರ ಕಾನೂನನ್ನು ವ್ಯಾಖ್ಯಾನಿಸುವಾಗಲೂ, ಸಂವಿಧಾನಪೀಠವು ವಶವೆಂದರೆ ಪ್ರಜ್ಞಾಪೂರ್ವಕವಾದ ವಶವೆಂದೇ ಅರ್ಥಮಾಡಿತು. ಹೀಗೆ ಅರ್ಧ ಶತಮಾನದಿಂದ ನೆಲೆಗೊಂಡ ತತ್ತ್ವವು ಠಾಣೆಯ ಮೇಜಿನವರೆಗೆ ಇಳಿದುಬಂದಿಲ್ಲವೆಂಬುದೇ ನನ್ನ ಸಂಕಟ. ಅಲ್ಲಿ ಗುಂಡು ಇದೆಯೇ, ಲೈಸೆನ್ಸು ಇದೆಯೇ ಎಂಬ ಎರಡೇ ಪ್ರಶ್ನೆಗಳು. ಮೂರನೆಯದನ್ನು ಕೇಳಿಸಿಕೊಳ್ಳಬೇಕಾದರೆ ವಕೀಲರನ್ನು ಹಿಡಿದು, ಹಣ ಹೊಂದಿಸಿ, ದೂರು ರದ್ದುಪಡಿಸಿರೆಂದು ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕು. ಏರಬಲ್ಲವನು ಪಾರಾಗುತ್ತಾನೆ. ಗುಜರಿ ಅಂಗಡಿಯಲ್ಲಿ ಕೊಂಡ ಹಳೆಯ ಟ್ರಂಕಿನೊಳಗೆ ಅದೇ ಗುಂಡು ಸಿಕ್ಕಿದ ಕೂಲಿಯವನು ವಾಯಿದೆಯಿಂದ ವಾಯಿದೆಗೆ ಅಲೆಯುತ್ತಾನೆ.

ಮರೆತೆನೆಂಬುದು ಪ್ರತಿಯೊಬ್ಬ ಅಪರಾಧಿಯ ಬಾಯಲ್ಲೂ ಬರುವ ಮಾತೆಂದು ಪೊಲೀಸರು ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ಸನ್ನಿವೇಶಗಳು ಮಾತಾಡುತ್ತವೆ. ಎಲ್ಲ ಚೀಲಗಳನ್ನೂ ಯಂತ್ರದಲ್ಲಿ ಹಾಯಿಸಿ ನೋಡುತ್ತಾರೆಂದು ಬಲ್ಲ ಪ್ರಯಾಣಿಕನು ಬೇಕೆಂದು ಒಂದು ಗುಂಡನ್ನು ಅದರೊಳಗೆ ಇಟ್ಟುಕೊಂಡು ಸರತಿಯಲ್ಲಿ ನಿಲ್ಲುವುದಿಲ್ಲ. ಅವನ ಬಳಿ ಕೋವಿಯಿಲ್ಲ, ಮನೆತನದಲ್ಲಿ ಹಿಂದೆ ಲೈಸೆನ್ಸಿದ್ದುದಕ್ಕೆ ದಾಖಲೆಯುಂಟು, ಗುಂಡಿಗೆ ಕಿಲುಬು ಹತ್ತಿದೆ. ಇವನನ್ನೂ, ಜೀಪಿನ ಹೆಚ್ಚುವರಿ ಚಕ್ರದೊಳಗೆ ಐವತ್ತು ಹೊಸ ಗುಂಡುಗಳ ಪೊಟ್ಟಣವನ್ನು ಬಚ್ಚಿಟ್ಟು ರಾತ್ರಿ ಗಡಿ ದಾಟುವವನನ್ನೂ ಬೇರ್ಪಡಿಸಿ ನೋಡಲು ಉಚ್ಚ ನ್ಯಾಯಾಲಯವೇ ಬೇಕೇನು?

ಬೇಡವೆಂದು ಕಾಯಿದೆಯೇ ಹೇಳುತ್ತದೆಂದು ನನ್ನ ತಿಳಿವಳಿಕೆ. 3ನೆಯ ಕಲಮಿನ ಅಪರಾಧಕ್ಕೆ ಜಿಲ್ಲಾ ಮ್ಯಾಜಿಸ್ಟ್ರೇಟರ ಪೂರ್ವಾನುಮತಿಯಿಲ್ಲದೆ ಮೊಕದ್ದಮೆ ಹೂಡಕೂಡದೆಂದು 39ನೆಯ ಕಲಮು ಕಟ್ಟುಮಾಡಿದೆ. ಆ ಅನುಮತಿ ವಿವೇಚನೆಗಾಗಿ ಇಟ್ಟ ಬಾಗಿಲು. ಕಡತದ ಮೇಲೆ ಮೊಹರು ಒತ್ತುವುದಕ್ಕಾಗಿ ಅಲ್ಲ. ಅನುಮತಿಯನ್ನು ಕೋರುವ ಪೊಲೀಸರು, ಆ ಗುಂಡು ತನ್ನ ಬಳಿಯಿದ್ದುದು ಆಪಾದಿತನಿಗೆ ಗೊತ್ತಿತ್ತೆಂದು ತಾವು ಯಾವ ಆಧಾರದಿಂದ ನಂಬಿದ್ದೇವೆಂಬುದನ್ನು ಲಿಖಿತವಾಗಿ ಹೇಳಬೇಕು. ಹೇಳಲಾರದಿದ್ದಲ್ಲಿ ಅನುಮತಿ ನಿರಾಕರಿಸಿ, ಗುಂಡನ್ನು ಮುಟ್ಟುಗೋಲು ಹಾಕಿ, ಮನುಷ್ಯನನ್ನು ಮನೆಗೆ ಕಳುಹಿಸಬೇಕು. ಇದಕ್ಕೆ ಸಂಸತ್ತು ಸೇರಬೇಕಾಗಿಲ್ಲ. ರಾಜ್ಯ ಸರ್ಕಾರವು ತನ್ನ ಜಿಲ್ಲಾಧಿಕಾರಿಗಳಿಗೆ ಒಂದು ಸುತ್ತೋಲೆ ಹೊರಡಿಸಿದರೆ ಸಾಕು.

ಚೀಲದಿಂದ ಗುಂಡುಗಳು ಉರುಳಿದ ಆ ದಿನ ನಾನು ಠಾಣೆಗೆ ಮೊದಲು ದೂರವಾಣಿ ಮಾಡಿಯೇ ಹೋದೆನು, ಏಕೆಂದರೆ ಗುಂಡನ್ನು ಒಪ್ಪಿಸಲೆಂದು ಒಯ್ಯುವುದೂ ಒಯ್ಯುವುದೇ ಅಲ್ಲವೇ ಎಂಬ ಅಳುಕು ನನ್ನನ್ನು ಕಾಡುತ್ತಿತ್ತು. ವಶವು ಯಾವುದೇ ಕಾರಣದಿಂದ ನ್ಯಾಯಸಮ್ಮತವಲ್ಲದ್ದಾದಾಗ ಅನಗತ್ಯ ವಿಳಂಬವಿಲ್ಲದೆ ಹತ್ತಿರದ ಠಾಣೆಗಾಗಲಿ ಲೈಸೆನ್ಸುದಾರ ವ್ಯಾಪಾರಿಗಾಗಲಿ ಒಪ್ಪಿಸತಕ್ಕದ್ದೆಂದು 21ನೆಯ ಕಲಮು ವಿಧಿಸಿದೆ; ಒಪ್ಪಿಸೆಂದು ಆಜ್ಞೆಮಾಡಿದ ಕಾನೂನು ಒಯ್ಯಲು ಬಿಟ್ಟಂತೆಯೇ ಎಂದು ನಾನು ಧೈರ್ಯ ತಂದುಕೊಂಡೆ. ಆದರೂ ಬರಿಯ ಗುಂಡನ್ನು ಯಾವ ಪುಸ್ತಕದಲ್ಲಿ ಬರೆದುಕೊಳ್ಳಬೇಕೆಂದು ತೋಚದೆ ಅಲ್ಲಿಯವರು ನನ್ನನ್ನು ಎರಡು ಸಲ ಹಿಂದಕ್ಕೆ ಕಳುಹಿಸಿದರು. ರಸೀದಿ ದೊರೆತುದು ಮೂರನೆಯ ಸಲ. ನನ್ನಷ್ಟು ಬಿಡುವಿಲ್ಲದವರು ಮೊದಲ ಸಲಕ್ಕೇ ಬೇಸತ್ತು ಅದನ್ನು ಹೊಳೆಗೆ ಎಸೆದಿರುತ್ತಿದ್ದರು, ಅಥವಾ ಅಟ್ಟಕ್ಕೇ ಮರಳಿಸಿರುತ್ತಿದ್ದರು.

2019ರ ತಿದ್ದುಪಡಿ ಒಬ್ಬನಿಗೆ ಎರಡೇ ಕೋವಿಗಳೆಂದು ಮಿತಿ ಹಾಕಿ, ಮೂರನೆಯದನ್ನು ಒಂದು ವರ್ಷದೊಳಗೆ ಒಪ್ಪಿಸಿರೆಂದಿತು. ಅದೇ ಶ್ರದ್ಧೆಯನ್ನು ಗುಂಡಿನ ಬಗೆಗೂ ತೋರಬಹುದು: ಗತಿಸಿದ ಲೈಸೆನ್ಸುದಾರರ ಮನೆಗಳಲ್ಲಿ ಉಳಿದಿರಬಹುದಾದ ಗುಂಡುಗಳನ್ನು ಒಪ್ಪಿಸಲು ಒಂದು ಅವಧಿ ಕೊಟ್ಟು, ಹಾಗೆ ಒಪ್ಪಿಸಿದವರ ಮೇಲೆ ದೂರು ದಾಖಲಿಸುವುದಿಲ್ಲವೆಂದು ಬಹಿರಂಗವಾಗಿ ಮಾತು ಕೊಡಬೇಕು. ಲೈಸೆನ್ಸು ರದ್ದಾಗುವ ದಿನ ಕೋವಿಯನ್ನು ಕೇಳಿದಂತೆಯೇ ಗುಂಡಿನ ಲೆಕ್ಕವನ್ನೂ ಕೇಳಬೇಕು. ಲೆಕ್ಕವೇನೋ ಬರೆದೇ ಇರುತ್ತದೆ. ದೊಡ್ಡಪ್ಪನವರ ಲೈಸೆನ್ಸ್ ಪುಸ್ತಕದ ಜೆರಾಕ್ಸ್ ಪ್ರತಿಯೊಂದು ಈಗ ನನ್ನ ಮೇಜಿನ ಮೇಲಿದೆ. ಅದರ ಕೊನೆಯ ಪುಟದಲ್ಲಿ, ವ್ಯಾಪಾರಿಯ ಸಹಿಯ ಪಕ್ಕದಲ್ಲಿ, ಇಪ್ಪತ್ತೈದು ಗುಂಡು ಕೊಂಡ ಬರಹ ಸ್ಫುಟವಾಗಿಯೇ ಇದೆ. ರದ್ದಾದ ದಿನ ಆ ಪುಟವನ್ನು ಕಚೇರಿಯವರು ತಿರುವಿ ನೋಡಲಿಲ್ಲ, ಮನೆಯವರಾದ ನಾವೂ ನೋಡಲಿಲ್ಲ.